ಜೋಡಿಯಾಟದ ಲೆಕ್ಕ: ರೋಹನ್ ಬೋಪಣ್ಣ ಅವರ ದಾಖಲೆಯನ್ನು ಓದುವ ಬಗೆ



ದತ್ತಿ ಉಪನ್ಯಾಸವೆಂದರೆ ವಚನ, ಕೀರ್ತನೆ, ಶಾಸನ, ಏಕೀಕರಣ ಎಂದು ನಿರೀಕ್ಷಿಸಿ ಬಂದವರಿಗೆ ಈ ಸಂಜೆಯ ವಿಷಯ ಕೊಂಚ ಹಗುರ ಅನ್ನಿಸಬಹುದು. ಟೆನಿಸ್ ಆಟಗಾರನೊಬ್ಬನ ಅಂಕಿಅಂಶಗಳ ಮೇಲೆ ಇಷ್ಟು ಹೊತ್ತು ಮಾತಾಡುವುದಕ್ಕೆ ಏನಿದೆ ಎಂದು ಸಂಘಟಕರಲ್ಲೇ ಒಬ್ಬರು ಕೇಳಿದರು. ಶಾಸನ ಓದುವವರು ಅಳಿಸಿಹೋದ ಅಕ್ಷರದ ಮೇಲೆ ಹೆಚ್ಚು ಹೊತ್ತು ಕೂರುತ್ತಾರಲ್ಲ, ಆಟದ ದಾಖಲೆಯನ್ನೂ ಹಾಗೇ ಓದಬಹುದೆಂದು ಉತ್ತರಿಸಿ ಒಪ್ಪಿಸಿದೆ.

ನಾನು ಓದಲು ಹೊರಟಿರುವುದು ಕೊಡಗಿನ ರೋಹನ್ ಬೋಪಣ್ಣ ಅವರ ದಾಖಲೆಯನ್ನು. 1980ರ ಮಾರ್ಚ್ 4ರಂದು ಹುಟ್ಟಿದ, ಕಾಫಿ ಬೆಳೆಗಾರರ ಮನೆಯ ಹುಡುಗ. ಹಾಕಿ ಸ್ಟಿಕ್ ಹಿಡಿಯುವುದೇ ಸಹಜವಾದ ಸೀಮೆಯಲ್ಲಿ ಹನ್ನೊಂದರ ವಯಸ್ಸಿಗೆ ಟೆನಿಸ್ ರ‍್ಯಾಕೆಟ್ ಹಿಡಿದರು. 2003ರಲ್ಲಿ ವೃತ್ತಿಪರರಾದರು. 2025ರ ನವೆಂಬರ್ 1ರಂದು ನಿವೃತ್ತಿ ಘೋಷಿಸಿದರು. ಈ ಎರಡು ವರ್ಷಗಳ ನಡುವೆ ಇರುವುದು 26 ಎಟಿಪಿ ಡಬಲ್ಸ್ ಪ್ರಶಸ್ತಿ, ಅದರಲ್ಲಿ ಆರು ಮಾಸ್ಟರ್ಸ್ 1000 ಮಟ್ಟದವು. ಒಂದು ಪುರುಷರ ಡಬಲ್ಸ್ ಗ್ರ್ಯಾಂಡ್‌ಸ್ಲಾಮ್, ಒಂದು ಮಿಶ್ರ ಡಬಲ್ಸ್ ಗ್ರ್ಯಾಂಡ್‌ಸ್ಲಾಮ್. ಏಷ್ಯನ್ ಕ್ರೀಡಾಕೂಟದ ಎರಡು ಚಿನ್ನ. ವಿಶ್ವ ಡಬಲ್ಸ್ ರ‍್ಯಾಂಕಿಂಗ್‌ನ ಅಗ್ರಸ್ಥಾನ. ಸಿಂಗಲ್ಸ್ ಕಾಲಂ ನೋಡಿದರೆ ಅತ್ಯುನ್ನತ ರ‍್ಯಾಂಕ್ 213, ಅದು 2007ರದು. ಆ ಸಂಖ್ಯೆ ಅಲ್ಲಿಂದ ಮುಂದೆ ಏರಲಿಲ್ಲ.

ಪತ್ರಿಕೆಯ ಪೆಟ್ಟಿಗೆ ಸುದ್ದಿಗೆ ಇಷ್ಟು ಸಾಕು. ಇದನ್ನು ಇಟ್ಟುಕೊಂಡು ನಾವು ಮಾಡುವ ಮೊದಲ ಕೆಲಸ ಹೋಲಿಕೆ. ಲಿಯಾಂಡರ್ ಪೇಸ್ ಅವರಿಗೆ 18 ಗ್ರ್ಯಾಂಡ್‌ಸ್ಲಾಮ್, ಎಂಟು ಪುರುಷರ ಡಬಲ್ಸ್, ಹತ್ತು ಮಿಶ್ರ. ಮಹೇಶ್ ಭೂಪತಿ ಅವರಿಗೆ 12. ಸಾನಿಯಾ ಮಿರ್ಜಾ ಅವರಿಗೆ ಆರು. ಬೋಪಣ್ಣ ಅವರಿಗೆ ಎರಡು. ತೂಕದ ಕಲ್ಲು ಇದೇ ಆದರೆ ಮಾತು ಇಲ್ಲಿಗೇ ಮುಗಿಯಿತು, ಬೋಪಣ್ಣ ನಾಲ್ಕನೆಯವರು. ಈ ಬಗೆಯ ಪಟ್ಟಿ ಕಟ್ಟುವುದರಲ್ಲಿ ನಮಗೆ ಬಹಳ ಹುಮ್ಮಸ್ಸು, ಸಾಹಿತ್ಯದಲ್ಲೂ ಅಷ್ಟೇ. ನನಗೆ ಅದರಲ್ಲಿ ಆಸಕ್ತಿಯಿಲ್ಲ. ಯಾರು ದೊಡ್ಡವರು ಎಂಬುದನ್ನು ಬಿಟ್ಟು, ಈ ಸಂಖ್ಯೆಗಳು ಹೇಗೆ ಹುಟ್ಟುತ್ತವೆ ಎಂದು ನೋಡೋಣ. ಅಲ್ಲೇ ಸ್ವಾರಸ್ಯವಿದೆ.

ಡಬಲ್ಸ್ ಪಂದ್ಯದ ಲೆಕ್ಕ ಸಿಂಗಲ್ಸ್‌ನಂತಿಲ್ಲ. 2006ರಿಂದ ಎಟಿಪಿ ಟೂರ್ನಿಗಳ ಡಬಲ್ಸ್‌ನಲ್ಲಿ ಎರಡು ಬದಲಾವಣೆಗಳು ನೆಲೆ ನಿಂತವು. ಗೇಮ್ ಡ್ಯೂಸ್‌ಗೆ (40-40) ಬಂದರೆ ಅಡ್ವಾಂಟೇಜ್ ಇಲ್ಲ, ಮುಂದಿನ ಒಂದೇ ಪಾಯಿಂಟ್ ಗೇಮನ್ನು ತೀರ್ಮಾನಿಸುತ್ತದೆ. ಸೆಟ್ 1-1 ಆದರೆ ಮೂರನೇ ಸೆಟ್ ಇಲ್ಲ, ಹತ್ತು ಪಾಯಿಂಟ್‌ಗಳ ಸೂಪರ್ ಟೈಬ್ರೇಕ್. ಟಿವಿಯವರಿಗೆ ಪಂದ್ಯ ಎಷ್ಟು ಹೊತ್ತಿಗೆ ಮುಗಿಯುತ್ತದೆಂಬ ಅಂದಾಜು ಬೇಕು, ಸಂಘಟಕರಿಗೆ ಅಂಗಣ ಖಾಲಿಯಾಗಬೇಕು, ಸಿಂಗಲ್ಸ್ ತಾರೆಯರೂ ಆಗೊಮ್ಮೆ ಈಗೊಮ್ಮೆ ಡಬಲ್ಸ್‌ಗೆ ಇಳಿಯುವಂತಿರಬೇಕು. ಕಾರಣಗಳೆಲ್ಲ ಸರಿಯೇ. ಆದರೆ ಒಂದೂಕಾಲು ಗಂಟೆ ದುಡಿದದ್ದನ್ನು ಕೊನೆಯ ಹತ್ತು ನಿಮಿಷ ತೀರ್ಮಾನಿಸುವ ವ್ಯವಸ್ಥೆ ಇದರಿಂದ ಹುಟ್ಟಿತು. ಗ್ರ್ಯಾಂಡ್‌ಸ್ಲಾಮ್‌ನ ಪುರುಷರ ಡಬಲ್ಸ್ ಮಾತ್ರ ಪೂರ್ತಿ ಮೂರನೇ ಸೆಟ್ ಉಳಿಸಿಕೊಂಡಿದೆ. ಮಿಶ್ರ ಡಬಲ್ಸ್‌ನಲ್ಲಿ ಬಹುಪಾಲು ಗ್ರ್ಯಾಂಡ್‌ಸ್ಲಾಮ್‌ಗಳಲ್ಲೂ ಸೂಪರ್ ಟೈಬ್ರೇಕೇ.

ಈಗ ಕೆಲವು ಸ್ಕೋರ್‌ಗಳನ್ನು ಎಣಿಸೋಣ. 2012ರ ನವೆಂಬರ್, ಲಂಡನ್. ವರ್ಷದ ಕೊನೆಯ ಎಟಿಪಿ ಫೈನಲ್ಸ್ ಟೂರ್ನಿಯ ಅಂತಿಮ ಪಂದ್ಯ. ಭೂಪತಿ–ಬೋಪಣ್ಣ ಒಂದು ಕಡೆ, ಸ್ಪೇನ್‌ನ ಮಾರ್ಸೆಲ್ ಗ್ರನೊಯೆರ್ಸ್–ಮಾರ್ಕ್ ಲೋಪೆಜ್ ಇನ್ನೊಂದು ಕಡೆ. ನಮ್ಮವರ ಕಡೆಯಿಂದ ಬರೆದರೆ ಸ್ಕೋರ್ 5-7, 6-3, 3-10. ಗೇಮ್‌ಗಳನ್ನು ಕೂಡಿಸಿ: ನಮ್ಮವರು ಗೆದ್ದದ್ದು 11, ಎದುರಾಳಿಗಳು 10. ಹೆಚ್ಚು ಗೇಮ್ ಗೆದ್ದವರು ಸೋತರು. ಆ ಟ್ರೋಫಿ ಬೋಪಣ್ಣ ಅವರ ಕೈಗೆ ಕೊನೆಗೂ ಸಿಗಲಿಲ್ಲ. 2015ರಲ್ಲಿ ರುಮೇನಿಯಾದ ಫ್ಲೋರಿನ್ ಮೆರ್ಜಿಯಾ ಜೊತೆ ಮತ್ತೊಮ್ಮೆ ಫೈನಲ್ ತಲುಪಿ ಮತ್ತೆ ಸೋತರು.

ಇದರ ತಿರುವು-ಮುರುವು 2023ರ ಮಾರ್ಚ್‌ನಲ್ಲಿ, ಕ್ಯಾಲಿಫೋರ್ನಿಯಾದ ಇಂಡಿಯನ್ ವೆಲ್ಸ್‌ನಲ್ಲಿ ನಡೆಯಿತು. ಬೋಪಣ್ಣ ಮತ್ತು ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಫೈನಲ್‌ನಲ್ಲಿ ವೆಸ್ಲಿ ಕೂಲ್‌ಹಾಫ್–ನೀಲ್ ಸ್ಕಪ್‌ಸ್ಕಿ ಅವರನ್ನು ಸೋಲಿಸಿದ್ದು 6-3, 2-6, 10-8ರಿಂದ. ಗೇಮ್‌ಗಳು 8, ಎದುರಾಳಿಗಳದು 9. ಕಡಿಮೆ ಗೇಮ್ ಗೆದ್ದು ಪ್ರಶಸ್ತಿ ಎತ್ತಿದರು, ಮಾಸ್ಟರ್ಸ್ 1000 ಗೆದ್ದ ಅತಿ ಹಿರಿಯ ಎನ್ನಿಸಿಕೊಂಡರು. 43ರ ವಯಸ್ಸಿನ ಅದ್ಭುತವೆಂದು ಮರುದಿನ ಎಲ್ಲರೂ ಬರೆದೆವು. ಕೊನೆಯ ಎರಡು ಪಾಯಿಂಟ್ ಆ ಕಡೆಗೆ ಹೋಗಿದ್ದರೆ ಬರೆಯುತ್ತಿದ್ದವರು ಎಷ್ಟು ಜನ?

2016ರ ರಿಯೊ ಒಲಿಂಪಿಕ್ಸ್‌ನ ಮಿಶ್ರ ಡಬಲ್ಸ್ ಸೆಮಿಫೈನಲ್ ನೆನಪಿರುವವರು ಈ ಸಭೆಯಲ್ಲಿ ಇರಬಹುದು. ಸಾನಿಯಾ–ಬೋಪಣ್ಣ ಮೊದಲ ಸೆಟ್ಟನ್ನು 6-2ರಿಂದ ಗೆದ್ದು, ಎರಡನೆಯದನ್ನು 2-6ರಿಂದ ಬಿಟ್ಟುಕೊಟ್ಟು, ಸೂಪರ್ ಟೈಬ್ರೇಕನ್ನು 3-10ರಿಂದ ಸೋತರು. ಗೇಮ್ ಲೆಕ್ಕದಲ್ಲಿ ಎಂಟಕ್ಕೆ ಎಂಟು. ಕಂಚಿಗಾಗಿ ನಡೆದ ಮುಂದಿನ ಪಂದ್ಯವನ್ನೂ ಸೋತು ನಾಲ್ಕನೆಯವರಾದರು. ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನವೆಂದರೆ ದಾಖಲೆಯಲ್ಲಿ ಸೊನ್ನೆ. ಅದರ ಮರುವರ್ಷ, 2017ರ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಫೈನಲ್. ಕೆನಡಾದ ಗ್ಯಾಬ್ರಿಯೆಲಾ ಡಬ್ರೊವ್‌ಸ್ಕಿ ಜೊತೆಗಾತಿ. 2-6, 6-2, ಆಮೇಲೆ 12-10. ಅಲ್ಲೂ ಎಂಟಕ್ಕೆ ಎಂಟು. ಎದುರಾಳಿಗಳಿಗೆ ಎರಡು ಮ್ಯಾಚ್ ಪಾಯಿಂಟ್ ಸಿಕ್ಕಿತ್ತು, ಎರಡನ್ನೂ ಇವರು ಉಳಿಸಿಕೊಂಡರು. ಹೀಗೆ ಬಂದದ್ದು ಮೊದಲ ಗ್ರ್ಯಾಂಡ್‌ಸ್ಲಾಮ್. ರಿಯೊದ ಸೋಲೂ ಪ್ಯಾರಿಸ್‌ನ ಗೆಲುವೂ ಸೂಪರ್ ಟೈಬ್ರೇಕ್‌ವರೆಗೆ ಸರಿಸುಮಾರು ಒಂದೇ ಪಂದ್ಯ. ಒಂದು ದಾಖಲೆಯಿಂದ ಮಾಯವಾಯಿತು, ಇನ್ನೊಂದು ಅವರ ಹೆಸರಿನ ಜೊತೆ ಶಾಶ್ವತವಾಗಿ ಅಂಟಿಕೊಂಡಿತು.

ರೋಜರ್ ಫೆಡರರ್ ಅವರು 2024ರಲ್ಲಿ ಡಾರ್ಟ್‌ಮತ್ ವಿದ್ಯಾರ್ಥಿಗಳಿಗೆ ಹೇಳಿದ ಲೆಕ್ಕ ನಿಮಗೆ ಗೊತ್ತಿದೆ: ಸಿಂಗಲ್ಸ್ ಪಂದ್ಯಗಳಲ್ಲಿ ಹೆಚ್ಚುಕಡಿಮೆ ನೂರಕ್ಕೆ 80 ಗೆದ್ದರೂ ಅವರು ಗೆದ್ದ ಪಾಯಿಂಟ್ ಬರೀ 54. ಆ ಮಾತು ಮೊಬೈಲ್‌ಗಳಲ್ಲಿ ಸುಭಾಷಿತದಂತೆ ಓಡಾಡಿತು. ಡಬಲ್ಸ್‌ನವರಿಗೆ ಆ ನಾಲ್ಕು ಪಾಯಿಂಟ್‌ಗಳ ಐಷಾರಾಮವೂ ಇಲ್ಲ. ಸಿಂಗಲ್ಸ್‌ನಲ್ಲಿ ಉತ್ತಮ ಆಟಗಾರನಿಗೆ ತನ್ನ ಮೇಲುಗೈ ಸಾಬೀತುಪಡಿಸಲು ನೂರೈವತ್ತು, ಇನ್ನೂರು ಪಾಯಿಂಟ್‌ಗಳ ಅವಧಿ ಸಿಗುತ್ತದೆ. ಅವಧಿ ಕಿರಿದಾದಷ್ಟೂ ಅದೃಷ್ಟದ ಪಾಲು ಹೆಚ್ಚು; ಇದು ಸಂಭವನೀಯತೆಯ ಮೊದಲ ಪಾಠ. ಹಾಗಾಗಿ ಡಬಲ್ಸ್ ಆಟಗಾರನ ಒಂದು ಟ್ರೋಫಿ, ಒಂದು ಸೋಲು ಬಹಳ ಏನನ್ನೂ ಹೇಳುವುದಿಲ್ಲ. ಇಪ್ಪತ್ತು ವರ್ಷದ ಸಾಲು ಹೇಳುತ್ತದೆ. ನನ್ನ ವಾದ ಇಷ್ಟೇ: ಬೋಪಣ್ಣ ಅವರ ದಾಖಲೆಯಲ್ಲಿ ನಿಜಕ್ಕೂ ಮಾತಾಡುವ ಸಂಖ್ಯೆ 26 ಅಲ್ಲ, 61.

61 ಎಂದರೇನು? 2024ರ ಜನವರಿಯಲ್ಲಿ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದಾಗ ಅದು ಬೋಪಣ್ಣ ಪುರುಷರ ಡಬಲ್ಸ್‌ನಲ್ಲಿ ಆಡಿದ 61ನೇ ಗ್ರ್ಯಾಂಡ್‌ಸ್ಲಾಮ್. ಅದಕ್ಕೂ ಮುಂಚಿನ ಅರವತ್ತರಲ್ಲಿ ಟ್ರೋಫಿ ಇಲ್ಲದೆ ಊರಿಗೆ ಮರಳಿದ್ದರು. ಈ ದಾರಿಯಲ್ಲಿ ಅವರ ಪಕ್ಕದಲ್ಲಿ ನಿಂತ ಜೊತೆಗಾರರು 19 ಜನ. ವರ್ಷಕ್ಕೆ ನಾಲ್ಕರಂತೆ ಹದಿನೈದು ವರ್ಷ ಗ್ರ್ಯಾಂಡ್‌ಸ್ಲಾಮ್ ಡ್ರಾದಲ್ಲಿ ಹೆಸರು ಇರಬೇಕಾದರೆ ರ‍್ಯಾಂಕ್ ಯಾವಾಗಲೂ ಒಂದು ಮಟ್ಟಕ್ಕಿಂತ ಕೆಳಗೆ ಬೀಳಬಾರದು, ಮೈ ಕೈ ಕೊಡಬಾರದು, ಜೊತೆಗೆ ಆಡಲು ಯಾರಾದರೂ ಒಪ್ಪಬೇಕು. ಕೊನೆಯದು ಎಲ್ಲಕ್ಕಿಂತ ಕಷ್ಟ.

ಜೊತೆಗಾರರ ವಿಷಯಕ್ಕೆ ಬಂದೆ. ರ‍್ಯಾಂಕಿಂಗ್ ಪಟ್ಟಿಯಲ್ಲಿ ಒಂದು ವಿಚಿತ್ರವಿದೆ. ಆಡುವುದು ಇಬ್ಬರು, ಸೋಲು ಗೆಲುವು ಇಬ್ಬರದು, ಆದರೆ ಅಂಕ ಬರೆಯುವುದು ಒಬ್ಬೊಬ್ಬರ ಖಾತೆಗೆ. ಕಳೆದ 52 ವಾರಗಳಲ್ಲಿ ಯಾರ ಜೊತೆಗಾದರೂ ಆಡಿ ಗಳಿಸಿದ ಅಂಕ ನಿಮ್ಮದು. ವರ್ಷ ತುಂಬಿದ ವಾರ ಹಳೆಯದು ಕಳಚಿ ಬೀಳುತ್ತದೆ. ಆದ್ದರಿಂದಲೇ ಬೋಪಣ್ಣ ಅಗ್ರಸ್ಥಾನಕ್ಕೇರಿದ ದಿನ, 2024ರ ಜನವರಿ 29ರಂದು, ಎಬ್ಡೆನ್ ಅವರ ಜೊತೆ ಅಲ್ಲಿರಲಿಲ್ಲ. ಕೆಲವು ವಾರಗಳ ನಂತರ ಅವರೂ ಆ ಸ್ಥಾನಕ್ಕೆ ಬಂದರು. ಇನ್ನೊಂದು ವಿವರವೂ ಇದೆ. 2023ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಈ ಜೋಡಿ ಮೊದಲ ಸುತ್ತಿನಲ್ಲೇ ಹೊರಬಿದ್ದಿತ್ತು. ಹಾಗಾಗಿ ಮರುವರ್ಷ ಅಲ್ಲಿ ಕಳೆದುಕೊಳ್ಳುವ ಅಂಕವೇ ಹೆಚ್ಚೇನೂ ಇರಲಿಲ್ಲ, ಗೆದ್ದದ್ದೆಲ್ಲ ಲಾಭ. ಕ್ವಾರ್ಟರ್‌ಫೈನಲ್ ಗೆಲ್ಲುತ್ತಿದ್ದಂತೆಯೇ ಅಗ್ರಸ್ಥಾನ ಖಚಿತವಾಯಿತು, ಟ್ರೋಫಿ ಆಮೇಲೆ ಬಂತು. ಹಿಂದಿನ ವರ್ಷದ ಸೋಲು ಮರುವರ್ಷ ನೆರವಿಗೆ ಬರುವ ಲೆಕ್ಕಾಚಾರ ಬೇರೆ ಯಾವ ಉದ್ಯೋಗದಲ್ಲಿದೆಯೋ ಕಾಣೆ.

ಆ ಟೂರ್ನಿಯನ್ನೂ ಹತ್ತಿರದಿಂದ ನೋಡಿ. ಮೊದಲ ಸುತ್ತಿನಲ್ಲಿ ಆಸ್ಟ್ರೇಲಿಯಾದ ಸ್ಥಳೀಯ ಜೋಡಿ ಡಕ್‌ವರ್ತ್–ಪೋಲ್‌ಮನ್ಸ್ ಇವರನ್ನು ಮೂರನೇ ಸೆಟ್‌ನ ಟೈಬ್ರೇಕ್‌ವರೆಗೆ ಎಳೆದೊಯ್ದಿತು. ಅಲ್ಲಿ ಎಡವಿದ್ದರೆ ನಾನಿವತ್ತು ಬೇರೆ ವಿಷಯ ಹುಡುಕಿಕೊಳ್ಳುತ್ತಿದ್ದೆ. ಬೋಪಣ್ಣ ಅವರ ವೃತ್ತಿಜೀವನದ 500ನೇ ಡಬಲ್ಸ್ ಗೆಲುವು ಬಂದದ್ದೂ ಅದೇ ಪಂದ್ಯದಲ್ಲಿ. ಸೆಮಿಫೈನಲ್‌ನಲ್ಲಿ ಮತ್ತೆ ಮೂರನೇ ಸೆಟ್, ಮತ್ತೆ ಟೈಬ್ರೇಕ್, 10-7. ಇಟಲಿಯ ಬೊಲೆಲಿ–ವವಸ್ಸೊರಿ ವಿರುದ್ಧದ ಫೈನಲ್ ಮಾತ್ರ ಎರಡೇ ಸೆಟ್: 7-6, 7-5. ಮೊದಲ ಸೆಟ್‌ನ ಟೈಬ್ರೇಕನ್ನು 7-0ರಿಂದ ಗೆದ್ದರು. ಇದಕ್ಕೆ ಎದುರಾಗಿ 2010ರ ಯುಎಸ್ ಓಪನ್ ಫೈನಲ್ ಇಡಿ. ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ, ಅಮೆರಿಕದ ಅವಳಿಗಳಾದ ಬ್ರಯಾನ್ ಸಹೋದರರ ವಿರುದ್ಧ. ಎರಡೂ ಸೆಟ್ 6-7. ಟೈಬ್ರೇಕ್‌ಗಳ ಸ್ಕೋರ್ 5-7, 4-7. ಇಬ್ಬರಿಗೂ ಗೇಮ್‌ನಲ್ಲಿ ಹನ್ನೆರಡರ ಸಮಬಲ, ಟೈಬ್ರೇಕ್‌ಗಳಲ್ಲಿ ಒಟ್ಟು ಐದು ಪಾಯಿಂಟ್‌ಗಳ ಅಂತರ. ಆ ಐದು ಪಾಯಿಂಟ್ ತೀರಿಸಲು ಹದಿಮೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ಖುರೇಷಿ ಜೊತೆಗಿನ ಜೋಡಿಯನ್ನು ಇಂಡೋ-ಪಾಕ್ ಎಕ್ಸ್‌ಪ್ರೆಸ್ ಎಂದು ಕರೆದರು. ಯುದ್ಧ ನಿಲ್ಲಿಸಿ, ಟೆನಿಸ್ ಶುರುಮಾಡಿ ಎಂಬ ಅರ್ಥದ ಘೋಷಣೆಯೊಂದಿಗೆ ಇಬ್ಬರೂ ಆಡಿದರು. 2011ರಲ್ಲಿ ಪ್ಯಾರಿಸ್ ಮಾಸ್ಟರ್ಸ್ ಗೆದ್ದರು. ಅದರ ಮರುವರ್ಷ ಅದೇ ಪ್ರಶಸ್ತಿಯನ್ನು ಭೂಪತಿ ಜೊತೆ ಗೆದ್ದರು. 2015ರಲ್ಲಿ ಮೆರ್ಜಿಯಾ ಜೊತೆ ಮ್ಯಾಡ್ರಿಡ್, 2017ರಲ್ಲಿ ಉರುಗ್ವೆಯ ಪಾಬ್ಲೊ ಕ್ಯುವಾಸ್ ಜೊತೆ ಮಾಂಟೆ ಕಾರ್ಲೊ, ಕೊನೆಗೆ ಎಬ್ಡೆನ್ ಜೊತೆ ಇಂಡಿಯನ್ ವೆಲ್ಸ್ ಮತ್ತು 2024ರಲ್ಲಿ ಮಯಾಮಿ. ಆರು ದೊಡ್ಡ ಪ್ರಶಸ್ತಿ, ಐದು ಜೊತೆಗಾರರು. ಬ್ರಯಾನ್ ಸಹೋದರರು ಒಬ್ಬರಿಗೊಬ್ಬರು ಹುಟ್ಟಿನಿಂದ ಜೊತೆಗಾರರು, ಅವರ ದಾಖಲೆ ಆಲದ ಮರದಂತೆ ಒಂದೇ ಕಡೆ ಬೆಳೆಯಿತು. ಬೋಪಣ್ಣ ಅವರದು ಪದೇ ಪದೇ ಹೊಸ ಹೊಂದಾಣಿಕೆ: ಯಾರು ಎಡಗಡೆ, ಯಾರು ಬಲಗಡೆ, ಲಾಬ್ ಬಂದಾಗ ಯಾರ ಚೆಂಡು, ಸೋತ ರಾತ್ರಿ ಯಾರು ಮಾತಾಡಬೇಕು, ಯಾರು ಸುಮ್ಮನಿರಬೇಕು. ಅವರ ಬಲವೆಂದರೆ ಬಿರುಸಾದ ಸರ್ವ್. ಸರ್ವ್ ಬಲವಾಗಿದ್ದರೆ ನೆಟ್ ಬಳಿ ನಿಂತವನ ಕೆಲಸ ಅರ್ಧ ಮುಗಿದಂತೆ, ಆದ್ದರಿಂದ ಯಾರ ಜೊತೆಗೂ ಹೊಂದುತ್ತಿತ್ತು.

ಈ ಲೋಕ ಎಷ್ಟು ಚಿಕ್ಕದೆಂದರೆ ಇವತ್ತಿನ ಜೊತೆಗಾರ ನಾಳೆ ಎದುರಿಗೆ. 2013ರಲ್ಲಿ ಫ್ರಾನ್ಸ್‌ನ ಎಡ್ವರ್ಡ್ ರೋಜರ್-ವಸ್ಲಾಂ ಜೊತೆ ಬೋಪಣ್ಣ ವಿಂಬಲ್ಡನ್ ಸೆಮಿಫೈನಲ್ ಆಡಿದ್ದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎನ್. ಶ್ರೀರಾಮ್ ಬಾಲಾಜಿ ಜೊತೆ ಇಳಿದಾಗ ಮೊದಲ ಸುತ್ತಿನಲ್ಲೇ ಮನೆಗೆ ಕಳಿಸಿದ ಜೋಡಿಯಲ್ಲಿ ಇದೇ ರೋಜರ್-ವಸ್ಲಾಂ ಇದ್ದರು. ಅದೇ ಒಲಿಂಪಿಕ್ಸ್‌ನಲ್ಲಿ ಎಬ್ಡೆನ್ ತಮ್ಮ ದೇಶದ ಜಾನ್ ಪೀರ್ಸ್ ಜೊತೆ ಚಿನ್ನ ಗೆದ್ದರು. ಇನ್ನು ಅಮೆರಿಕದ ರಾಜೀವ್ ರಾಮ್. ತಂದೆತಾಯಿ ಬೆಂಗಳೂರಿನಿಂದ ಹೋದವರು. ಬೋಪಣ್ಣ ಅವರಿಗಿಂತ ಮುಂಚೆ, ಮೊದಲ ಬಾರಿ ಡಬಲ್ಸ್ ಅಗ್ರಸ್ಥಾನಕ್ಕೇರಿದ ಅತಿ ಹಿರಿಯ ಎಂಬ ದಾಖಲೆ ಅವರದಾಗಿತ್ತು, 38ರ ವಯಸ್ಸಿನಲ್ಲಿ. ರಿಯೊದ ಆ ಸೆಮಿಫೈನಲ್‌ನಲ್ಲಿ ವೀನಸ್ ವಿಲಿಯಮ್ಸ್ ಜೊತೆ ಎದುರಿಗಿದ್ದವರೂ ಅವರೇ. ಅವರನ್ನು ಮತ್ತೆ ಭೇಟಿಯಾಗಲಿದ್ದೇವೆ.

ವಯಸ್ಸಿನ ದಾಖಲೆಗಳ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ಅಗ್ರಸ್ಥಾನಕ್ಕೆ ಬಂದ ದಿನ ಬೋಪಣ್ಣ ಅವರಿಗೆ 43 ವರ್ಷ 331 ದಿನ. ಅದಕ್ಕೂ ಮುಂಚೆ ಆ ಸ್ಥಾನದಲ್ಲಿದ್ದ ಅತಿ ಹಿರಿಯ ಮೈಕ್ ಬ್ರಯಾನ್, 41ರಲ್ಲಿ. ಓಪನ್ ಯುಗದಲ್ಲಿ ಪುರುಷರ ಡಬಲ್ಸ್ ಗ್ರ್ಯಾಂಡ್‌ಸ್ಲಾಮ್ ಗೆದ್ದ ಅತಿ ಹಿರಿಯನೆಂಬ ಪಟ್ಟವನ್ನು ಜಾನ್-ಜೂಲಿಯನ್ ರೋಜರ್ ಅವರಿಂದ ತೆಗೆದುಕೊಂಡರು. ಮಯಾಮಿಯಲ್ಲಿ 44ರಲ್ಲಿ ಗೆದ್ದು ತಮ್ಮದೇ ಇಂಡಿಯನ್ ವೆಲ್ಸ್ ದಾಖಲೆಯನ್ನು ಹಿಂದೆ ಹಾಕಿದರು. ಇವೆಲ್ಲ ನಿಜ. ಆದರೆ ವಯಸ್ಸನ್ನೇ ಹೊಗಳುತ್ತ ಹೋದರೆ ಆಟ ಕಾಣದಾಗುತ್ತದೆ. ಡಬಲ್ಸ್‌ನಲ್ಲಿ ಒಬ್ಬೊಬ್ಬರು ಕಾಯುವುದು ಅರ್ಧ ಅಂಗಣ, ರ‍್ಯಾಲಿ ಮೂರು ನಾಲ್ಕು ಹೊಡೆತಕ್ಕೆ ಮುಗಿಯುತ್ತದೆ, ಓಟಕ್ಕಿಂತ ಊಹೆ ಮುಖ್ಯ. ಅನುಭವಸ್ಥರಿಗೆ ಇಲ್ಲಿ ಬಾಳಿಕೆ ಹೆಚ್ಚು. ಬೋಪಣ್ಣ ಅವರ ವಿಷಯದಲ್ಲಿ ನಿಜಕ್ಕೂ ಆಶ್ಚರ್ಯಪಡಬೇಕಾದದ್ದು ಮೊಣಕಾಲು. ಅಲ್ಲಿನ ಮೃದ್ವಸ್ಥಿ ಸವೆದುಹೋಗಿದೆಯೆಂದು ಅವರೇ ಹೇಳಿಕೊಂಡಿದ್ದಾರೆ. 2021ರ ಆರಂಭದಲ್ಲಿ ಸೋಲಿನ ಮೇಲೆ ಸೋಲು ಬಂದಾಗ ಆಟ ಬಿಡುವ ಯೋಚನೆಯೂ ಬಂದಿತ್ತು. ಅಯ್ಯಂಗಾರ್ ಯೋಗ ತಮ್ಮನ್ನು ಮತ್ತೆ ನಿಲ್ಲಿಸಿತು ಎಂದಿದ್ದಾರೆ. ಆ ಪದ್ಧತಿಯನ್ನು ರೂಪಿಸಿದ ಬಿ.ಕೆ.ಎಸ್. ಅಯ್ಯಂಗಾರ್ ಕೋಲಾರ ಜಿಲ್ಲೆಯ ಬೆಳ್ಳೂರಿನವರು ಎಂಬುದನ್ನು ಇಲ್ಲಿ ಹೇಳದಿದ್ದರೆ ನೀವೇ ಪ್ರಶ್ನೋತ್ತರದಲ್ಲಿ ಹೇಳುತ್ತೀರಿ.

ಎಟಿಪಿ ಪ್ರಶಸ್ತಿಗಳ ಪಟ್ಟಿಯಲ್ಲಿ ಜಾಗವಿಲ್ಲದ ಒಂದು ಪಂದ್ಯವಿದೆ. ಬ್ರಯಾನ್ ಸಹೋದರರ ವಿರುದ್ಧ ಸೋತ ಮರುವಾರವೇ, 2010ರ ಸೆಪ್ಟೆಂಬರ್‌ನಲ್ಲಿ, ಚೆನ್ನೈನಲ್ಲಿ ಬ್ರೆಜಿಲ್ ಎದುರು ಡೇವಿಸ್ ಕಪ್. ಡಬಲ್ಸ್ ಆಡಲು ಪೇಸ್–ಭೂಪತಿ ಇದ್ದರು. ಆದ್ದರಿಂದ ಯುಎಸ್ ಓಪನ್ ಡಬಲ್ಸ್ ಫೈನಲಿಸ್ಟ್ ಇಲ್ಲಿ ಸಿಂಗಲ್ಸ್ ಆಡಬೇಕಾಯಿತು. ಮೊದಲ ದಿನ ಭಾರತ 0-2ರಿಂದ ಹಿಂದೆ. ಡಬಲ್ಸ್ ಗೆದ್ದದ್ದಾಯಿತು, ಸೋಮದೇವ್ ದೇವವರ್ಮನ್ ಸಮ ಮಾಡಿದರು. ಐದನೇ, ನಿರ್ಣಾಯಕ ಪಂದ್ಯದಲ್ಲಿ ಬೋಪಣ್ಣ ರಿಕಾರ್ಡೊ ಮೆಲ್ಲೊ ಅವರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿದರು. 213 ಎಂಬ ಸಂಖ್ಯೆಯನ್ನು ನೋಡಿ ಸಿಂಗಲ್ಸ್‌ನಲ್ಲಿ ಅವರು ಏನೂ ಅಲ್ಲ ಎನ್ನುವವರು ಈ ಪಂದ್ಯವನ್ನು ಎಲ್ಲಿಡುತ್ತಾರೋ? 2002ರಲ್ಲಿ ಆಸ್ಟ್ರೇಲಿಯಾ ವಿರುದ್ಧ ಶುರುವಾದ ಅವರ ಡೇವಿಸ್ ಕಪ್ ನಂಟು 2023ರ ಸೆಪ್ಟೆಂಬರ್‌ನಲ್ಲಿ ಲಖನೌನಲ್ಲಿ ಮುಗಿಯಿತು, ಯೂಕಿ ಭಾಂಬ್ರಿ ಜೊತೆ ಮೊರಾಕ್ಕೊ ಜೋಡಿಯ ವಿರುದ್ಧ ಗೆಲುವಿನೊಂದಿಗೆ.

ಲಖನೌಗೆ ಅವರು ಬಂದದ್ದು ನ್ಯೂಯಾರ್ಕ್‌ನಿಂದ, ಇನ್ನೊಂದು ಯುಎಸ್ ಓಪನ್ ಫೈನಲ್ ಸೋತು. ಎಬ್ಡೆನ್ ಜೊತೆಗೆ, ಎದುರಿಗೆ ರಾಜೀವ್ ರಾಮ್ ಮತ್ತು ಬ್ರಿಟನ್ನಿನ ಜೋ ಸ್ಯಾಲಿಸ್‌ಬರಿ. 6-2, 3-6, 4-6. ಗೇಮ್‌ಗಳನ್ನು ಕೂಡಿಸಿದರೆ 13ಕ್ಕೆ 14. ನಿರ್ಣಾಯಕ ಸೆಟ್‌ನಲ್ಲಿ ಒಂದು ಪಾಯಿಂಟ್ ಇವರ ಪಾಲಿಗೆ ಬಂದಿತ್ತು. ಬೋಪಣ್ಣ ಅಂಪೈರ್ ಬಳಿ ಹೋಗಿ, ಚೆಂಡು ತನ್ನ ತೋಳಿಗೆ ತಾಗಿ ಹೋಯಿತೆಂದು ಹೇಳಿದರು. ಅಂಪೈರ್ ಅದನ್ನು ಗಮನಿಸಿರಲಿಲ್ಲ. ಪಾಯಿಂಟ್ ಎದುರಾಳಿಗಳಿಗೆ ಹೋಯಿತು, ರಾಮ್ ಮತ್ತು ಸ್ಯಾಲಿಸ್‌ಬರಿ ಗೆದ್ದ ಪಾಯಿಂಟ್‌ಗಳ ಮೊತ್ತದಲ್ಲಿ ಒಂದಾಗಿ ಸೇರಿಕೊಂಡಿತು. ಆ ಒಂದರಿಂದಲೇ ಸೋತರು ಎಂದು ನಾನು ಹೇಳುತ್ತಿಲ್ಲ, ಹೇಳಲು ಆಧಾರವೂ ಇಲ್ಲ. ಇಷ್ಟು ಹೊತ್ತು ಎರಡು ಪಾಯಿಂಟ್, ಐದು ಪಾಯಿಂಟ್ ಎಂದು ನಾವು ಎಣಿಸಿದ್ದನ್ನು ಅವರು ವರ್ಷಗಟ್ಟಲೆ ಅಂಗಣದಲ್ಲಿ ನಿಂತು ಎಣಿಸಿದವರು. ಒಂದರ ಬೆಲೆ ಎಷ್ಟೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಕೊನೆಯ ಟೂರ್ನಿ 2025ರ ಪ್ಯಾರಿಸ್ ಮಾಸ್ಟರ್ಸ್, ಜೊತೆಗಾರ ಕಜಾಕಸ್ತಾನದ ಅಲೆಕ್ಸಾಂಡರ್ ಬುಬ್ಲಿಕ್. ಎದುರಿನ ಜೋಡಿಯಲ್ಲಿ ಎಬ್ಡೆನ್ ಜೊತೆ ಒಲಿಂಪಿಕ್ ಚಿನ್ನ ಗೆದ್ದ ಅದೇ ಜಾನ್ ಪೀರ್ಸ್, ಜೊತೆಗೆ ಅಮೆರಿಕದ ಜೆ.ಜೆ. ಟ್ರೇಸಿ. 5-7, 6-2, ಸೂಪರ್ ಟೈಬ್ರೇಕ್ 8-10. ಗೇಮ್‌ಗಳನ್ನು ಕೂಡಿಸುವ ಕೆಲಸ ನಿಮಗೇ ಬಿಟ್ಟೆ.